ಜ್ವರ ಎದ್ದ ಹುಳುವಿಗೆ ಚೀನೀ ಹೆಸರು

“ನಾಕ್ನೇ ಜ್ವರ ಈಗ್ತಾನೆ ಎದ್ದವೆ, ಬಾಗ್ಲು ಮುಚ್ಕಳಿ” ಎಂದರು ದೊಡ್ಡಆಲಹಳ್ಳಿಯ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಹೆಂಗಸು. ಪೊರೆ ಕಳಚಲು ಹುಳು ಸುಮ್ಮನಾಗುವುದನ್ನೇ ಜ್ವರ ಎನ್ನುವ ಕನಕಪುರ ಸೀಮೆಯವರಿಗೆ ಈ ಮಾತಿನಲ್ಲಿ ಹೊಸತೇನಿಲ್ಲ. ಆದರೆ ಬಂದಿದ್ದವರ ಪೈಕಿ ಚೀನೀ ಭಾಷೆ ಕಲಿಯುತ್ತಿದ್ದ ಒಬ್ಬರು ಅಲ್ಲೇ ನಿಂತುಬಿಟ್ಟರು. ಪೊರೆ ಕಳಚಿದ ರೇಷ್ಮೆಹುಳುವಿಗೆ ಚೀನಾದಲ್ಲಿ ‘ಚಿ ತ್ಸಾನ್’ ಎನ್ನುತ್ತಾರಂತೆ. ಚಿ ಎಂದರೆ ಏಳು, ಇಂಗ್ಲಿಷ್ ನಿಘಂಟಿನಲ್ಲಿ ‘ರೈಸ್’. ತ್ಸಾನ್ ಎಂದರೆ ರೇಷ್ಮೆಹುಳು. ಎದ್ದ ಹುಳು!

ಇನ್ನೂ ಇದೆ. ಐದನೇ ಹಂತ ಮುಗಿಸಿ ಮೈ ಪಾರದರ್ಶಕವಾದ ಹುಳುವನ್ನು ನಮ್ಮ ರೈತರು ‘ಹಣ್ಣಾಗಿದೆ’ ಎನ್ನುತ್ತಾರೆ. ಚೀನೀಯರದು ‘ಶು ತ್ಸಾನ್’, ಮಾಗಿದ ಹುಳು. ಅಲ್ಲಿಂದ ಮುಂದೆ ದಾರಿ ಸ್ವಲ್ಪ ಕವಲೊಡೆಯುತ್ತದೆ. ನಾವು ಹಣ್ಣುಹುಳುಗಳನ್ನು ಆಯತಾಕಾರದ ಬಿದಿರಿನ ಚಂದ್ರಿಕೆಗೆ ಬಿಡುತ್ತೇವೆ. ಒಣಹುಲ್ಲಿನ ಕಟ್ಟುಗಳನ್ನು ನಿಲ್ಲಿಸುವ ಚೀನಾದ ಹಳ್ಳಿಗಳಲ್ಲಿ ಹುಳು ‘ಶಾಂಗ್ ಶಾನ್’, ಬೆಟ್ಟ ಹತ್ತುತ್ತದೆ. ನಮ್ಮ ಜ್ವರ ಅವರಿಗೆ ನಿದ್ದೆ. ಅನ್ನಾಹಾರ ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತ ಹುಳುವನ್ನು ಕಂಡವರಿಗೆ ಜ್ವರವೇ ಹೆಚ್ಚು ನಿಜವೆನಿಸುತ್ತದೆ. ಇಲ್ಲಿ ಕನಕಪುರದ ಪರ ವಕಾಲತ್ತು ಮಾಡಿದರೆ ತಪ್ಪಿಲ್ಲ.

ಹಾಗಾದರೆ ಮಾತು ಅಲ್ಲಿಂದ ಇಲ್ಲಿಗೆ ಬಂತೇ? ಹುಳು ಸಾಕಣೆಯ ತವರು ಚೀನಾ. ಅಲ್ಲಿನ ಷಾನ್ಷಿ ಪ್ರಾಂತದ ಶಿಯಿನ್ ಹಳ್ಳಿಯಲ್ಲಿ 1926ರಲ್ಲಿ ಲೀ ಚಿ ಎಂಬ ಪುರಾತತ್ತ್ವಜ್ಞ ನವಶಿಲಾಯುಗದ ಅರ್ಧ ಕತ್ತರಿಸಿದ ಗೂಡೊಂದನ್ನು ಅಗೆದು ತೆಗೆದಿದ್ದರು. ಮೈಸೂರು ಸೀಮೆಯಲ್ಲಿ ಕಸುಬು ಬೇರೂರಿದ್ದು 18ನೇ ಶತಮಾನದ ಕೊನೆಗೆ, ಟಿಪ್ಪು ಕಾಲದಲ್ಲಿ. ಆದರೂ ಪದಗಳ ಆಮದಿನ ಕಥೆ ಕಟ್ಟಲು ಮನಸ್ಸು ಒಪ್ಪುವುದಿಲ್ಲ. ನಾಲ್ಕು ಸಲ ಸುಮ್ಮನಾಗಿ ನಾಲ್ಕು ಸಲ ಏಳುವ ಹುಳುವನ್ನು ದಿನವೂ ನೋಡುವವನಿಗೆ ‘ಎದ್ದಿತು’ ಎನ್ನಲು ಪರದೇಶದ ಗುರು ಬೇಕಿಲ್ಲ. ಏಳುವುದನ್ನು ಗಮನಿಸುವುದೂ ಚಂದಕ್ಕಲ್ಲ: ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲೆಯೇ ಸೊಪ್ಪು ಹಾಕಬೇಕು, ಇಲ್ಲದಿದ್ದರೆ ಹುಳು ಏರುಪೇರಾಗಿ ಬೆಳೆಯುತ್ತವೆ.

ಏಳುವ, ಏರುವ ಪದಗಳ ಜಾಡಿನಲ್ಲಿ ಚೀನೀ ನಿಘಂಟು ತೆರೆದವರನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುವುದು ‘ಶೆಂಗ್’. ಒಂದೇ ಎತ್ತರದ ದನಿಯ, ಸಮಸ್ವರದ ಉಚ್ಚಾರಕ್ಕೆ ಬೇರೆ ಬೇರೆ ಅಕ್ಷರಗಳಿವೆ. ಒಂದು ಶೆಂಗ್ ಎಂದರೆ ಮೇಲೇರು. ಸೂರ್ಯನೂ ಏರಬಹುದು, ಬಡ್ತಿ ಸಿಕ್ಕ ನೌಕರನೂ ಏರಬಹುದು. ಇನ್ನೊಂದು ಶೆಂಗ್ ಎಂದರೆ ಹುಟ್ಟು, ಬದುಕು. ನೆಲದಿಂದ ಮೊಳಕೆ ಏಳುವ ಚಿತ್ರವೇ ಆ ಅಕ್ಷರದ ಮೂಲ. ಇಂಗ್ಲಿಷ್ ಇದಕ್ಕೆ ‘ಲೈಫ್’, ‘ಬರ್ತ್’, ‘ರಾ’ ಎಂದು ಮೂರು ಪದಗಳನ್ನು ಹಂಚಿಕೊಡುತ್ತದೆ.

ಏರುವ ಶೆಂಗ್‌ಗೆ ಇನ್ನೊಂದು ಕೆಲಸವಿದೆ, ಅದು ಅಳತೆಯ ಹೆಸರೂ ಹೌದು. ಹತ್ತು ಶೆಂಗ್ ಸೇರಿದರೆ ಒಂದು ದೋ. ಕ್ರಿ.ಪೂ. 344ರಲ್ಲಿ ಚಿನ್ ರಾಜ್ಯದ ಮಂತ್ರಿ ಶಾಂಗ್ ಯಾಂಗ್ ಮಾಡಿಸಿದ ಆಯತಾಕಾರದ ಕಂಚಿನ ಶೆಂಗ್ ಇವತ್ತಿಗೂ ಶಾಂಘೈ ಮ್ಯೂಸಿಯಂನಲ್ಲಿದೆ. ಹಿಡಿಯುವುದು ಸುಮಾರು 200 ಮಿಲಿಲೀಟರ್ ಮಾತ್ರ. ಈಗ ಅದೇ ಪದ ಲೀಟರಿಗೆ ಸಲ್ಲುತ್ತದೆ. ರಾಗಿ ಅಳೆಯುವ ನಮ್ಮ ಸೇರಿಗೂ ಇದಕ್ಕೂ ನಂಟು ಹಚ್ಚುವ ಆಸೆ ಯಾರಿಗಾದರೂ ಬಂದೀತು. ದನಿ ಹತ್ತಿರ ಬಂದುದನ್ನು ಬಿಟ್ಟರೆ ಅದಕ್ಕೆ ಆಧಾರವಿಲ್ಲ.

ಬದುಕಿನ ಶೆಂಗ್ ರಾಮನಗರಕ್ಕೆ ಇನ್ನೂ ಹತ್ತಿರ. ಅಲ್ಲಿನ ಗೂಡು ಮಾರುಕಟ್ಟೆಯಲ್ಲಿ ಹರಾಜಾದ ಗೂಡು ನೂಲು ಬಿಚ್ಚಾಣಿಕೆಯವರ ಕೈ ಸೇರುತ್ತದೆ. ಕೆಲವು ಕಡೆ ಯಂತ್ರಗಳೂ ಚೀನಾದವೇ. ಹೊರಬಂದ ಕಚ್ಚಾ ನೂಲಿಗೆ ಚೀನೀ ಹೆಸರು ‘ಶೆಂಗ್ ಸಿ’. ಗೂಡನ್ನು ಬಿಸಿನೀರಲ್ಲಿ ಬೇಯಿಸಿಯಾಗಿದೆ, ಒಳಗಿನ ಕೋಶ ಸತ್ತಿದೆ, ಆದರೂ ನೂಲು ಮಾತ್ರ ಹಸಿ! ಕಾರಣ ಅಂಟು. ಸೆರಿಸಿನ್ ಎಂಬ ಆ ಅಂಟು ಎಳೆಯ ಮೇಲೆ ಉಳಿದಿರುವ ತನಕ ಅದು ಶೆಂಗ್. ಸೋಪಿನ ನೀರಲ್ಲಿ ಕುದಿಸಿ ಅಂಟು ತೆಗೆದ ಮೇಲೆ ‘ಶು’, ಬೆಂದದ್ದು. ಹಣ್ಣುಹುಳುವಿನ ಹೆಸರಲ್ಲಿದ್ದ ‘ಶು’ ಇದೇ. ಅಂಟು ಹೋದರೆ ತೂಕ ಹೆಚ್ಚುಕಡಿಮೆ ಕಾಲುಭಾಗ ಇಳಿಯುತ್ತದೆ. ರಾಮನಗರದ ವ್ಯಾಪಾರ ನಡೆಯುವುದು ಅಂಟಿರುವ ನೂಲಿನ ತೂಕದಲ್ಲಿ.