ಮುಕ್ತ ಗ್ರಾಫಿಕ್ಸ್ ಡ್ರೈವರ್: ಮನೆಯ ಗಣಕದಲ್ಲೊಂದು ಕಮ್ಮಟ

ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಕೊರತೆಯಿಲ್ಲ. ಕಪಾಟಿನ ಮೇಲೆ ಧೂಳು ಹಿಡಿದ ಲ್ಯಾಪ್‌ಟಾಪುಗಳಿಗೂ ಕೊರತೆಯಿಲ್ಲ. ಇವೆರಡನ್ನೂ ಕೂಡಿಸುವ ವಿದ್ಯೆಯೊಂದನ್ನು ಇಲ್ಲಿ ಪರಿಚಯಿಸಲು ಬಯಸುತ್ತೇವೆ.

ಪರದೆಯ ಮೇಲಿನ ಚಿತ್ರಗಳನ್ನು ರಚಿಸುವುದು ಗಣಕದೊಳಗಿನ ಗ್ರಾಫಿಕ್ಸ್ ಚಿಪ್. ಇತರ ತಂತ್ರಾಂಶಗಳ ಬೇಡಿಕೆಯನ್ನು ಆ ಚಿಪ್ಪಿಗೆ ತಿಳಿಯುವ ಆದೇಶಗಳಾಗಿ ಮಾರ್ಪಡಿಸುವ ದುಭಾಷಿಯೇ ಡ್ರೈವರ್. ಲಿನಕ್ಸ್‌ನಲ್ಲಿ ಇದರ ಒಂದು ಭಾಗ ಕರ್ನಲ್ಲಿನಲ್ಲಿಯೂ ಮತ್ತೊಂದು ಭಾಗ ‘ಮೆಸಾ’ ಎಂಬ ಮುಕ್ತ ತಂತ್ರಾಂಶದಲ್ಲಿಯೂ ಇರುತ್ತದೆ. ಬ್ರಿಯಾನ್ ಪಾಲ್ ಅವರು 1993ರಲ್ಲಿ ಕೈಗೆತ್ತಿಕೊಂಡ ಮೆಸಾ 1995ರಲ್ಲಿ ಮೊದಲು ಬಿಡುಗಡೆಯಾಯಿತು. ಇಂದು ಇಂಟೆಲ್, ಎಎಂಡಿ, ಎನ್‌ವಿಡಿಯಾ ಚಿಪ್ಪುಗಳ ಡ್ರೈವರ್‌ಗಳು ಅದರಲ್ಲಿವೆ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ತಿದ್ದಬೇಕಾದರೆ ಮೊದಲು ಅದನ್ನು ಮನೆಯಲ್ಲಿಯೇ ಕಟ್ಟಲು ಬರಬೇಕು. ಕ್ರಮ ಹೀಗಿದೆ:

1. ಪೂರಕ ಸಾಮಗ್ರಿ: ಕಂಪೈಲರ್, ಎಲ್‌ಎಲ್‌ವಿಎಂ ಮುಂತಾದವು ಬೇಕು. ಉಬುಂಟು, ಡೆಬಿಯನ್‌ಗಳಲ್ಲಿ ಮೂಲ ಸಂಕೇತದ ಭಂಡಾರವನ್ನು ಸಕ್ರಿಯಗೊಳಿಸಿ ‘ಆಪ್ಟ್ ಬಿಲ್ಡ್-ಡೆಪ್ ಮೆಸಾ’ ಎಂಬ ಆದೇಶವಿತ್ತರೆ ಬಹುಪಾಲು ಒಮ್ಮೆಗೇ ದೊರೆಯುತ್ತವೆ.

2. ಮೂಲ ಸಂಕೇತ: ‘ಗಿಟ್’ ಮೂಲಕ ಮೆಸಾದ ಇಡೀ ಪ್ರತಿಯನ್ನು ಇಳಿಸಿಕೊಳ್ಳಬೇಕು.

3. ಸಿದ್ಧತೆ: ‘ಮೆಸನ್’ ಎಂಬ ಸಾಧನಕ್ಕೆ ನಮ್ಮ ಚಿಪ್ಪಿನ ಡ್ರೈವರನ್ನಷ್ಟೇ ಸೂಚಿಸಬೇಕು. ಇಂಟೆಲ್‌ನ ಬ್ರಾಡ್‌ವೆಲ್ ಮತ್ತು ಈಚಿನ ಪೀಳಿಗೆಗಳಿಗೆ ‘ಐರಿಸ್’, ಅದಕ್ಕೂ ತುಸು ಹಳೆಯವಕ್ಕೆ ‘ಕ್ರೋಕಸ್’. ಎಲ್ಲವನ್ನೂ ಕಟ್ಟಹೊರಟರೆ ಸಮಯ, ವಿದ್ಯುತ್ತು ಎರಡೂ ವ್ಯರ್ಥ.

4. ನಿರ್ಮಾಣ: ‘ನಿಂಜಾ’ ಕಂಪೈಲ್ ಮಾಡಿಸುತ್ತದೆ. ಮೆಮೊರಿ ಕಡಿಮೆಯಿದ್ದರೆ ಏಕಕಾಲದ ಕೆಲಸಗಳ ಸಂಖ್ಯೆಯನ್ನು ತಗ್ಗಿಸುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹೊಸದಾಗಿ ಕಟ್ಟಿದ ಡ್ರೈವರನ್ನು ಗಣಕದ ಮೂಲ ಡ್ರೈವರಿನ ಮೇಲೆ ಎಂದಿಗೂ ಸ್ಥಾಪಿಸಬಾರದು. ದೋಷವಿದ್ದರೆ ಪರದೆಯೇ ಕಪ್ಪಾಗಿ, ಸರಿಪಡಿಸುವ ದಾರಿಯೂ ಕಾಣದಾಗಬಹುದು. ಬ್ಯಾಂಕಿನಲ್ಲಿ ಮೂಲ ಲೆಡ್ಜರನ್ನು ಮುಟ್ಟದೆ ಪ್ರತಿಯ ಮೇಲೆ ಲೆಕ್ಕ ತಾಳೆ ನೋಡುವಂತೆ, ಇದನ್ನು ಬೇರೆಯೇ ಫೋಲ್ಡರಿನಲ್ಲಿ ಇರಿಸಬೇಕು. ‘ಮೆಸನ್ ಡೆವೆನ್ವ್’ ಎಂಬ ಆದೇಶ ತೆರೆಯುವ ಕಿಟಕಿಯೊಳಗೆ ಮಾತ್ರ ಹೊಸ ಡ್ರೈವರ್ ಬಳಕೆಯಾಗುತ್ತದೆ. ಹೊರಗೆ ಎಲ್ಲವೂ ಹಿಂದಿನಂತೆಯೇ. ಆ ಕಿಟಕಿಯಲ್ಲಿ ‘ಜಿಎಲ್‌ಎಕ್ಸ್‌ಇನ್ಫೋ’ ನಡೆಸಿದರೆ ಯಾವ ಆವೃತ್ತಿ ಕೆಲಸ ಮಾಡುತ್ತಿದೆಯೆಂಬುದು ತಿಳಿಯುತ್ತದೆ.

ಇಷ್ಟೆಲ್ಲ ಶ್ರಮವೇಕೆ? ತಯಾರಕರು ಕೈಬಿಟ್ಟ ಯಂತ್ರವೂ ಮುಕ್ತ ಡ್ರೈವರಿನಿಂದ ಬಾಳಬಲ್ಲದು. 2022ರ 22.0 ಆವೃತ್ತಿಯಲ್ಲಿ ಮೆಸಾ ಕೆಲವು ಹಳೆಯ ಡ್ರೈವರ್‌ಗಳನ್ನು ಕೈಬಿಟ್ಟಾಗಲೂ ಅವು ಅಳಿಯಲಿಲ್ಲ. ‘ಆಂಬರ್’ ಎಂಬ ಪ್ರತ್ಯೇಕ ಶಾಖೆಯಲ್ಲಿ ಉಳಿದುಕೊಂಡವು. ಲಿನಕ್ಸ್ ಪರದೆಗಳಲ್ಲಿ ಕನ್ನಡವನ್ನು ಮೂಡಿಸಿದ ಲೋಹಿತ್ ಫಾಂಟ್ ಕೂಡ ಇಂತಹ ಮುಕ್ತ ಪರಂಪರೆಯದೇ. ಅದನ್ನು ಪೋಷಿಸಿದ್ದು ನಮ್ಮ ಪುಣೆಯಲ್ಲಿಯೇ ಇದ್ದ ರೆಡ್ ಹ್ಯಾಟ್ ತಂಡವೆಂಬುದು ನಮಗೆ ಹೆಮ್ಮೆಯ ವಿಷಯ.

ಆದುದರಿಂದ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು ಮಗನ ಅಥವಾ ಮಗಳ ಕೈಗೊಮ್ಮೆ ಕೊಟ್ಟು ನೋಡಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.