ಆರಿದಂತೆ ನಟಿಸುವ ಕಂಪ್ಯೂಟರು

ಪ್ರಶ್ನೆ: ಮನೆಯ ಹಳೇ ಕಂಪ್ಯೂಟರಿಗೆ ಶಟ್‌ಡೌನ್ ಕೊಟ್ಟರೆ ಪರದೆ ಕಪ್ಪಾಗುತ್ತದೆ, ಒಳಗಿನ ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ. ಯಾಕೆ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ವಿಂಡೋಸ್ 95ರ ಕಾಲದವರಿಗೆ ನೆನಪಿರಬಹುದು. ‘ಇನ್ನು ಕಂಪ್ಯೂಟರ್ ಆರಿಸಬಹುದು’ ಎಂದು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರ ಮೂಡುತ್ತಿತ್ತು; ಸ್ವಿಚ್ಚು ಒತ್ತುವ ಕೆಲಸ ನಮ್ಮದು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸ ಬಳಕೆಗೆ ಬಂದಮೇಲೆ ಆ ಕೆಲಸ ಮದರ್‌ಬೋರ್ಡಿನ ಪಾಲಾಯಿತು. ನಿಮ್ಮಲ್ಲಿ ‘ಆರಿಸು’ ಎಂಬ ಆ ಕೊನೆಯ ಮಾತು ಎಲ್ಲೋ ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿರಬೇಕು.

ವಿಂಡೋಸ್ 8 ಅಥವಾ 10 ಇದ್ದರೆ ನನ್ನ ಮೊದಲ ಗುಮಾನಿ ‘ಫಾಸ್ಟ್ ಸ್ಟಾರ್ಟಪ್’ ಮೇಲೆ. ಮರುದಿನ ಬೇಗ ಏಳಲೆಂದು ಅದು ವಿಂಡೋಸಿನ ಒಂದು ಭಾಗವನ್ನು ಮುಚ್ಚದೆ ಡಿಸ್ಕಿನಲ್ಲಿ ಬಚ್ಚಿಡುತ್ತದೆ. ಹಳೇ ಡ್ರೈವರುಗಳಿಗೆ ಇದು ಒಮ್ಮೊಮ್ಮೆ ಒಗ್ಗುವುದಿಲ್ಲ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ಕಿಸಿ. ಪೂರ್ತಿ ಆರಿತೇ? ಕಳ್ಳ ಸಿಕ್ಕ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಅದರ ಟಿಕ್ ತೆಗೆದುಬಿಡಿ.

ಆರದಿದ್ದರೆ ಪ್ರಿಂಟರು, ಪೆನ್‌ಡ್ರೈವು ಕಳಚಿ ನೋಡಿ. ಮದರ್‌ಬೋರ್ಡಿನ ಒಳತಂತ್ರಾಂಶವಾದ ಬಯಾಸ್‌ನ ಅಪ್‌ಡೇಟ್ ಕೊನೆಗಿರಲಿ, ಅದೂ ಯುಪಿಎಸ್ ಇದ್ದರೆ ಮಾತ್ರ. ಮಾವಿನ ಕಾಲದ ಗಾಳಿಮಳೆಗೆ ಕರೆಂಟು ಹೋಗುವುದು ನಿಮಗೆ ಹೊಸದೇನಲ್ಲ; ನಡುವೆ ಹೋದರೆ ಬೋರ್ಡೇ ಕೆಟ್ಟೀತು. ತೊಂದರೆ ನೀಗುವವರೆಗೆ ಪವರ್ ಬಟನ್ ನಾಲ್ಕೈದು ಸೆಕೆಂಡು ಒತ್ತಿಹಿಡಿದು ಆರಿಸಿ, ಫೈಲುಗಳನ್ನು ಉಳಿಸಿದ ಮೇಲೆ.