ಉದ್ಯೋಗದಲ್ಲಿ ಸಾವಧಾನ

'ಸಾವಧಾನ' ಎಂಬ ಶಬ್ದವು ಕನ್ನಡಿಗರಿಗೆ ಹೊಸದಲ್ಲ. ನಿತ್ಯದ ಮಾತಿನಲ್ಲಿ ಅದಕ್ಕೆ 'ನಿಧಾನ' ಎಂಬ ಅರ್ಥವನ್ನಷ್ಟೇ ನಾವು ಉಳಿಸಿಕೊಂಡಿದ್ದೇವೆ. ಅವಧಾನವೆಂದರೆ ಚಿತ್ತವನ್ನು ಒಂದೆಡೆ ನಿಲಿಸುವುದು. ಅದರಿಂದ ಕೂಡಿದ ಸ್ಥಿತಿಯೇ ಸಾವಧಾನ. ಇಂದು ಕಚೇರಿ ಕಾರ್ಖಾನೆಗಳಲ್ಲಿ 'ಮೈಂಡ್‌ಫುಲ್‌ನೆಸ್' ಎಂಬ ಹೆಸರಿನಿಂದ ಕಲಿಸುತ್ತಿರುವುದು ಹೆಚ್ಚುಕಡಿಮೆ ಈ ಹಳೆಯ ಅರ್ಥದ ಸಾವಧಾನವನ್ನೇ. ಅದು ನೌಕರನ ಮನಸ್ಸಿಗೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಅಭ್ಯಾಸದ ಮೂಲವು ಬೌದ್ಧ ಧ್ಯಾನಪದ್ಧತಿಯಲ್ಲಿದೆ. ಪಾಲಿ ಗ್ರಂಥಗಳು ಇದನ್ನು 'ಸತಿ' ಎಂದು ಕರೆಯುತ್ತವೆ. ಸಂಸ್ಕೃತದ 'ಸ್ಮೃತಿ'ಯೇ ಅದು. ಅದನ್ನು ಮತಾಚರಣೆಯಿಂದ ಬೇರ್ಪಡಿಸಿ ಆಸ್ಪತ್ರೆಗೆ ತಂದವರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಪ್ರಮುಖರು. ಅವರು 1979ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದವರಿಗಾಗಿ ಶಿಕ್ಷಣಕ್ರಮವೊಂದನ್ನು ಆರಂಭಿಸಿದರು. ವಾರಕ್ಕೊಮ್ಮೆ ತರಗತಿ, ಮನೆಯಲ್ಲಿ ಪ್ರತಿದಿನದ ಅಭ್ಯಾಸ. ನೋವನ್ನು ಸಂಪೂರ್ಣ ನೀಗಿಸುವುದಕ್ಕಿಂತ, ನೋವಿನೊಡನೆ ಬಾಳುವ ಬಗೆಯನ್ನು ಕಲಿಸುವುದು ಅಲ್ಲಿಯ ಗುರಿಯಾಗಿತ್ತು. ಮುಂದೆ ಇದೇ ಕ್ರಮವು ಸಂಕ್ಷಿಪ್ತ ರೂಪಗಳನ್ನು ತಾಳಿ ಉದ್ಯೋಗಸಂಸ್ಥೆಗಳನ್ನು ಪ್ರವೇಶಿಸಿತು.

ಮನಸ್ಸು ಎಷ್ಟು ಅಲೆಯುತ್ತದೆಂಬುದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ವಿದ್ವಾಂಸರು 2010ರಲ್ಲಿ ಅಳೆದು ತೋರಿಸಿದರು. 2,250 ಮಂದಿಯನ್ನು ದಿನದ ನಾನಾ ವೇಳೆಗಳಲ್ಲಿ ಫೋನಿನ ಮೂಲಕ ಪ್ರಶ್ನಿಸಲಾಗಿ, ಶೇಕಡಾ 47ರಷ್ಟು ಸಲ ಅವರ ಚಿತ್ತವು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಡೆ ಹೋಗಿತ್ತು. ಹಾಗೆ ಹೋದಾಗ ಅವರ ನೆಮ್ಮದಿಯೂ ಕಡಿಮೆಯಾಗಿತ್ತು.

ಇದರ ಮರ್ಮವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಮೇಲಧಿಕಾರಿಯು ಗುಮಾಸ್ತನೊಬ್ಬನಿಗೆ ಬಿರುನುಡಿಯೊಂದನ್ನು ಆಡಿದನೆನ್ನಿ. ಆ ನುಡಿ ಬಾಳಿದ್ದು ಅರೆನಿಮಿಷ. ಆದರೆ ಗುಮಾಸ್ತನ ಮನಸ್ಸು ಅದನ್ನು ಸಂಜೆಯವರೆಗೆ ಮೆಲುಕು ಹಾಕುತ್ತದೆ. ಪ್ರತಿಸಲವೂ ದೇಹವು ಆ ಘಟನೆ ಈಗಲೇ ನಡೆಯುತ್ತಿದೆಯೋ ಎಂಬಂತೆ ಪ್ರತಿಕ್ರಿಯಿಸುತ್ತದೆ. ಎದೆಬಡಿತ ಏರುತ್ತದೆ, ಹೆಗಲು ಬಿಗಿಯುತ್ತದೆ, ರಾತ್ರಿ ನಿದ್ರೆ ಬಾರದು. ಸಾವಧಾನದ ಅಭ್ಯಾಸಿಯು ಈ ಮೆಲುಕನ್ನು ಅದು ಆರಂಭವಾಗುವಲ್ಲಿಯೇ ಗುರುತಿಸಲು ಕಲಿಯುತ್ತಾನೆ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಪಾದಗಳನ್ನು ನೆಲಕ್ಕೂರಿ, ಬಂದುಹೋಗುವ ಉಸಿರನ್ನು ಗಮನಿಸಬೇಕು. ಮನಸ್ಸು ಓಡುತ್ತದೆ, ಓಡಿತೆಂದು ತಿಳಿದೊಡನೆ, ತನ್ನನ್ನು ತಾನು ಹಳಿದುಕೊಳ್ಳದೆ, ಅದನ್ನು ಮರಳಿ ಉಸಿರಿಗೆ ತರಬೇಕು. ಮನಸ್ಸನ್ನು ಬರಿದು ಮಾಡಬೇಕೆಂದು ತಿಳಿದು ಎರಡೇ ದಿನಕ್ಕೆ ಕೈಬಿಟ್ಟವರು ಬಹಳ. ಹಾಗೆ ಮರಳಿ ತರುವ ಕ್ರಿಯೆಯೇ ಅಭ್ಯಾಸವೆಂಬುದನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ.

ಅಧ್ಯಾಪಕರಿಗಂತೂ ಇದಕ್ಕೆ ಶಾಲೆಯ ಗಂಟೆಯೇ ಸಾಕು. ಒಂದು ಪಿರಿಯಡ್ ಮುಗಿದು ಇನ್ನೊಂದು ತರಗತಿಯ ಬಾಗಿಲು ದಾಟುವ ಮುನ್ನ ನಾಲ್ಕು ಉಸಿರುಗಳ ಕಾಲ ನಿಲ್ಲಬಹುದು. ಏಳನೆಯ ತರಗತಿಯಲ್ಲಿ ಹುಟ್ಟಿದ ಕೋಪಕ್ಕೆ ಎಂಟನೆಯ ತರಗತಿಯ ಮಕ್ಕಳು ಬೆಲೆ ತೆರುವುದು ನಮ್ಮ ಶಾಲೆಗಳಲ್ಲಿ ಅಪರೂಪವೇನಲ್ಲವಷ್ಟೆ!

ಆದರೆ ಇದನ್ನೇ ಸರ್ವರೋಗಕ್ಕೂ ಮದ್ದೆಂದು ಸಾರುವವರ ವಿಷಯದಲ್ಲಿ ಎಚ್ಚರ ಅವಶ್ಯ. ಕೆಲಸದ ಒತ್ತಡವು ಬಹುಕಾಲ ಪರಿಹಾರವಿಲ್ಲದೆ ಉಳಿದಾಗ ಉಂಟಾಗುವ ಬಳಲಿಕೆ, ಕೆಲಸದ ಬಗೆಗೆ ಜುಗುಪ್ಸೆ, ಕಾರ್ಯಸಾಮರ್ಥ್ಯದ ಕುಸಿತ ಇವು ಮೂರನ್ನೂ ಒಟ್ಟಾಗಿ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ 'ಬರ್ನ್‌ಔಟ್' ಎಂದು ನಿರೂಪಿಸಿತು. ಅದನ್ನು ರೋಗವೆಂದು ಎಣಿಸದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಕರೆದುದು ಗಮನಾರ್ಹ. ಕಾರಣವು ಕೆಲಸದಲ್ಲಿಯೇ ಇರುವಾಗ ಕೆಲಸಗಾರನನ್ನು ಮಾತ್ರ ತಿದ್ದಹೊರಟರೆ ಫಲವೇನು? ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಎಂಬ ಸಂಶೋಧಕರು ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ವೈಯಕ್ತಿಕ ತರಬೇತಿಗಳಲ್ಲಿ ಪಾಲ್ಗೊಂಡವರ ನೆಮ್ಮದಿಯು ಪಾಲ್ಗೊಳ್ಳದವರಿಗಿಂತ ಮೇಲಾಗಿ ಕಂಡುಬರಲಿಲ್ಲ. ಅದು ಒಂದೇ ಕಾಲದ ಸಮೀಕ್ಷೆಯಾದುದರಿಂದ ಕೊನೆಯ ತೀರ್ಪೆನ್ನಲಾಗದು. ಮೊದಲೇ ನೊಂದವರು ಅಂಥ ತರಬೇತಿಗೆ ಹೆಚ್ಚಾಗಿ ಸೇರಿರಬಹುದು. ಆದರೂ ಇಬ್ಬರ ಕೆಲಸವನ್ನು ಒಬ್ಬನ ಮೇಲೆ ಹೇರಿ, ಖಾಲಿ ಹುದ್ದೆಗಳನ್ನು ತುಂಬದೆ, ಧ್ಯಾನದ ಉಪನ್ಯಾಸವನ್ನು ಏರ್ಪಡಿಸುವುದು ತಳ ಒಡೆದ ಕೊಡಕ್ಕೆ ನೀರು ಸುರಿದಂತೆಯೇ ಸರಿ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯು ಸಾವಧಾನದ ಅಭ್ಯಾಸವನ್ನು ಪರಿಗಣಿಸಬಹುದಾದ ಉಪಾಯವೆಂದು ಒಪ್ಪುತ್ತದೆ. ಜೊತೆಗೆ ಕೆಲಸದ ಏರ್ಪಾಟುಗಳ ಸುಧಾರಣೆಯನ್ನೂ ಮೇಲ್ವಿಚಾರಕರ ತರಬೇತಿಯನ್ನೂ ಹೇಳುತ್ತದೆ. ಆಡಳಿತ ಮಂಡಳಿಗಳು ಇದನ್ನು ಆರಂಭಿಸುವುದಾದರೆ ಕೆಲಸದ ವೇಳೆಯಲ್ಲಿಯೇ ನಡೆಸಬೇಕು, ಕಡ್ಡಾಯ ಮಾಡಬಾರದು, ಹಾಜರಿಯನ್ನು ಬಡ್ತಿಗೆ ತಳಕು ಹಾಕಬಾರದು. ತೀವ್ರ ಖಿನ್ನತೆ ಅಥವಾ ಹಿಂದಿನ ಆಘಾತದಿಂದ ಬಳಲುವವರಿಗೆ ಕಣ್ಣುಮುಚ್ಚಿ ಕುಳಿತರೆ ತಳಮಳ ಹೆಚ್ಚುವುದೂ ಉಂಟು. ಅಂಥವರು ಮೊದಲು ಮನೋವೈದ್ಯರನ್ನು ಕಾಣತಕ್ಕದ್ದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು.